ಫ್ಯೂಯಲ್ ಪ್ರೆಶರ್ ಇಳಿತ: ಗಾಳಿ ನುಗ್ಗುತ್ತಿದ್ದ ಜಾಗ ಸಿಕ್ಕಿತು

ಎರಡು ವಾರದಿಂದ ಕಾಡುತ್ತಿದ್ದ ತೊಂದರೆಗೆ ಇವತ್ತು ಕಾರಣ ಸಿಕ್ಕಿತು. ನಾನೇ ಕಟ್ಟಿದ ಈ ವಿಮಾನದಲ್ಲಿರುವುದು ರೋಟ್ಯಾಕ್ಸ್ 912 ಯುಎಲ್‌ಎಸ್ ಎಂಜಿನ್. ಅದಕ್ಕೆ ಕಡಿಮೆ ಅಂದರೂ 0.15 ಬಾರ್ ಫ್ಯೂಯಲ್ ಪ್ರೆಶರ್ ಬೇಕು. ಎಲೆಕ್ಟ್ರಿಕ್ ಪಂಪ್ ಆಫ್ ಮಾಡಿದರೆ ಸಾಕು, ಮುಳ್ಳು 0.12ಕ್ಕೆ ಇಳಿಯುತ್ತಿತ್ತು. ಎಂಜಿನ್ ಮಾತ್ರ ಒಂಚೂರೂ ತಡವರಿಸಲಿಲ್ಲ. ಕಾರ್ಬುರೇಟರ್ ಬೌಲ್‌ನಲ್ಲಿರುವ ಇಂಧನ ಸ್ವಲ್ಪ ಹೊತ್ತು ನಡೆಸುತ್ತದೆ, ನಿಜ. ಹಾಗಂತ ನಂಬಿ ಮೇಲೇರೋಕಾಗಲ್ಲ ಅಲ್ವಾ? ಅದಕ್ಕೇ ಹಾರಾಟ ನಿಲ್ಲಿಸಿದ್ದೆ.

ಮೊದಲು ಅನುಮಾನ ಬಂದದ್ದು ಸೆಂಡರ್ ಮೇಲೆ, ಅಂದರೆ ಪ್ರೆಶರ್ ಅಳೆದು ಮೀಟರ್‌ಗೆ ಕಳಿಸುವ ಸೆನ್ಸರ್ ಮೇಲೆ. ಅದಕ್ಕೆ ಅರ್ಥ್ ಸಿಗುವುದು ಅದರ ಮೈಯಿಂದಲೇ. ಥ್ರೆಡ್‌ಗೆ ಟೆಫ್ಲಾನ್ ಟೇಪ್ ಜಾಸ್ತಿ ಸುತ್ತಿದ್ದರೆ ರೀಡಿಂಗ್ ಕೆಡುತ್ತದೆ. ಲೈನ್‌ಗೆ ಟಿ ಆಕಾರದ ಜೋಡಣೆ ಹಾಕಿ ಒಂದು ಮೆಕ್ಯಾನಿಕಲ್ ಗೇಜ್ ಜೋಡಿಸಿದೆ. ಅದೂ 0.13 ತೋರಿಸಿತು. ಅಂದರೆ ಪ್ರೆಶರ್ ನಿಜವಾಗಿಯೂ ಕಡಿಮೆ ಇದೆ.

ಆಮೇಲೆ ಫ್ಲೋ ಟೆಸ್ಟ್, ಅಂದರೆ ನಿಮಿಷಕ್ಕೆ ಎಷ್ಟು ಇಂಧನ ಬರುತ್ತದೆ ಅಂತ ಅಳೆಯುವುದು. ಫುಲ್ ಥ್ರಾಟಲ್‌ನಲ್ಲಿ ಈ ಎಂಜಿನ್ ಗಂಟೆಗೆ ಸುಮಾರು 27 ಲೀಟರ್ ಕುಡಿಯುತ್ತದೆ. ಪಂಪ್ ಇರುವ ವ್ಯವಸ್ಥೆಯಲ್ಲಿ ಅದರ ಒಂದೂಕಾಲು ಪಟ್ಟು ಬರಬೇಕು, ಅಂದರೆ ನಿಮಿಷಕ್ಕೆ 560 ಮಿಲಿಲೀಟರ್. ವಿಮಾನವನ್ನು ಹೊರಗೆ ನಿಲ್ಲಿಸಿ, ಅರ್ಥ್ ಮಾಡಿ, ಬೆಂಕಿ ಆರಿಸುವ ಸಿಲಿಂಡರ್ ಪಕ್ಕದಲ್ಲೇ ಇಟ್ಟುಕೊಂಡೆ. ಮೂಗನ್ನು ಮೇಲೇರುವಾಗ ಇರುವಷ್ಟು ಎತ್ತಿದೆ. ಟ್ಯಾಂಕ್ ಮುಚ್ಚಳ ತೆಗೆಯಲಿಲ್ಲ. ತೆಗೆದರೆ ವೆಂಟ್ (ಟ್ಯಾಂಕ್‌ಗೆ ಗಾಳಿ ಬರುವ ರಂಧ್ರ) ಕಟ್ಟಿಕೊಂಡಿದ್ದರೂ ಗೊತ್ತೇ ಆಗುವುದಿಲ್ಲ. ಎಲೆಕ್ಟ್ರಿಕ್ ಪಂಪ್ ಹಾಕಿದರೆ ಒಂದೇ ನಿಮಿಷಕ್ಕೆ 900 ಮಿಲಿಲೀಟರ್ ಬಂತು! ಹಾಗಾದರೆ ಪೈಪ್, ಫಿಲ್ಟರ್, ವೆಂಟ್ ಎಲ್ಲವೂ ಸರಿ ಇವೆ.

ಉಳಿದದ್ದು ಎಂಜಿನ್ ಪಂಪ್, ಅಂದರೆ ಎಂಜಿನ್ನೇ ಓಡಿಸುವ ಇನ್ನೊಂದು ಪಂಪ್. ಹೊಸದನ್ನು ತರಿಸಲು ಹೊರಟೇಬಿಟ್ಟಿದ್ದೆ. ಅದಕ್ಕೂ ಮುಂಚೆ, ನೆಲದ ಮೇಲಿನ ಪರೀಕ್ಷೆಗೆ ಮಾತ್ರ ಅಂತ, ಆ ಪಂಪ್‌ಗೆ ಇಂಧನ ಬರುವ ಕಡೆ ಒಂದು ತುಂಡು ಪಾರದರ್ಶಕ ಪೈಪ್ ಸೇರಿಸಿದೆ. ಎಂಜಿನ್ ಓಡುವಾಗ ಎಲೆಕ್ಟ್ರಿಕ್ ಪಂಪ್ ಆಫ್ ಮಾಡಿದರೆ ಅದರೊಳಗೆ ಸಾಸಿವೆ ಕಾಳಿನಂಥ ಗುಳ್ಳೆಗಳ ಸಾಲು. ಆನ್ ಮಾಡಿದರೆ ಒಂದೂ ಇಲ್ಲ.

ಆಗ ಹೊಳೆಯಿತು. ನನ್ನ ಲೈನ್‌ನಲ್ಲಿ ಎಲೆಕ್ಟ್ರಿಕ್ ಪಂಪ್ ಆದಮೇಲೆ ಗ್ಯಾಸ್ಕೊಲೇಟರ್ (ಇಂಧನದಲ್ಲಿನ ನೀರು, ಕಸ ಹಿಡಿಯುವ ಬಟ್ಟಲು), ಆಮೇಲೆ ಎಂಜಿನ್ ಪಂಪ್. ಟ್ಯಾಂಕ್ ಇರುವುದು ಕೆಳಗೆ, ರೆಕ್ಕೆಯಲ್ಲಿ. ಎಲೆಕ್ಟ್ರಿಕ್ ಪಂಪ್ ತಳ್ಳುವಾಗ ಗ್ಯಾಸ್ಕೊಲೇಟರ್ ಒಳಗೆ ಒತ್ತಡವಿರುತ್ತದೆ, ಗಾಳಿ ಬರುವುದಿಲ್ಲ. ಎಂಜಿನ್ ಪಂಪ್ ಒಂದೇ ಎಳೆಯುವಾಗ ಸಣ್ಣ ಸಂದಿಯಿಂದಲೂ ಗಾಳಿ ನುಗ್ಗುತ್ತದೆ. ಹನಿ ಹನಿ ಸೋರಿದರೆ ಕಣ್ಣಿಗೆ ಬೀಳುತ್ತದೆ. ಗಾಳಿ ಒಳಗೆ ಹೋದರೆ ಏನೂ ಕಾಣಿಸುವುದಿಲ್ಲ.

ಟಾರ್ಚ್ ಹಿಡಿದು ನೋಡಿದೆ. ಗ್ಯಾಸ್ಕೊಲೇಟರ್ ಬೌಲ್‌ನ ಅಂಚಿನಲ್ಲಿ ಉಗುರಿನಷ್ಟಗಲ ತಿಳಿ ನೀಲಿ ಕಲೆ, 100ಎಲ್‌ಎಲ್ ಅನ್ನುವ ನೀಲಿ ಬಣ್ಣದ ವಿಮಾನ ಪೆಟ್ರೋಲ್ ಒಣಗಿದ ಗುರುತು. ಬಿಚ್ಚಿದರೆ ಗ್ಯಾಸ್ಕೆಟ್ ಗಟ್ಟಿಯಾಗಿ, ಒಂದು ಕಡೆ ಕೂದಲೆಳೆಯಂಥ ಬಿರುಕು.

ಹೊಸ ಗ್ಯಾಸ್ಕೆಟ್ ಹಾಕಿ, ಸಡಿಲವಾಗದಂತೆ ಸೇಫ್ಟಿ ವೈರ್ ಬಿಗಿದೆ. ಹತ್ತು ನಿಮಿಷ ಎಲೆಕ್ಟ್ರಿಕ್ ಪಂಪ್ ಇಲ್ಲದೆ ಓಡಿಸಿದೆ. ಗುಳ್ಳೆ ಇಲ್ಲ, ಪ್ರೆಶರ್ 0.28 ಬಾರ್, ಅಲುಗಾಟವಿಲ್ಲ. ಪಾರದರ್ಶಕ ಪೈಪ್ ತೆಗೆದು ಹಳೇ ಹೋಸ್ ಮತ್ತೆ ಹಾಕಿ, ಸೋರಿಕೆ ಇಲ್ಲ ಅಂತ ಇನ್ನೊಮ್ಮೆ ನೋಡಿದ್ದಾಯಿತು. ಮುಂದಿನ ವಾರ ಕೌಲಿಂಗ್ (ಎಂಜಿನ್ ಮೇಲಿನ ಕವಚ) ಮುಚ್ಚಿ, ಎಂಜಿನ್ ಚೆನ್ನಾಗಿ ಕಾದಮೇಲೆ ಇದೇ ಪರೀಕ್ಷೆ ಮಾಡಬೇಕು. ಅದು ಮುಗಿಯುವವರೆಗೆ ಹಾರಾಟ ಇಲ್ಲ.