ಬೂದಪ್ಪನ ಪಥ್ಯ

ಆಷಾಢದ ಮಳೆ ಹಿಡಿದ ಐದನೇ ದಿನ ನಮ್ಮ ಬೆಕ್ಕು ಬೂದಪ್ಪ ಮೊದಲು ಜಗಲಿಯಲ್ಲಿ, ಆಮೇಲೆ ಅಪ್ಪನ ಚಾಪೆಯ ಮೇಲೆ, ಕೊನೆಗೆ ಅಡಿಕೆ ಚೀಲದ ಮೇಲೆ ಭೇದಿ ಮಾಡಿದ. ಹೊರಗೆ ಹೋಗೋ ಅಂದರೆ ಹೋಗುವಂಥ ಮಳೆಯಲ್ಲ ಅದು, ತೀರ್ಥಹಳ್ಳಿ ಕಡೆಯವರಿಗೆ ಹೇಳಬೇಕಿಲ್ಲ. ತಿಂಗಳಿಂದ ಇದೇ ಕತೆ. ಎರಡು ದಿನ ಸರಿ ಇರ್ತಾನೆ, ಮೂರನೇ ದಿನ ಹೊಟ್ಟೆ ಗುಡುಗುಡು, ಒಮ್ಮೊಮ್ಮೆ ವಾಂತಿ. 'ಲಂಘನಂ ಪರಮೌಷಧಂ' ಅಂತ ಅಮ್ಮ ಒಂದು ದಿನ ಅವನ ತಟ್ಟೆಯನ್ನೇ ಎತ್ತಿಟ್ಟಿದ್ದಳು.

ಬೆತ್ತದ ಬುಟ್ಟಿಗೆ ಹಳೆ ಪಂಚೆ ಬಿಗಿದು ಶಿವಮೊಗ್ಗಕ್ಕೆ ಹೊರಟೆ. ಮಂಡಗದ್ದೆ ದಾಟುವವರೆಗೆ ಕೂಗಿದ, ಸಕ್ರೆಬೈಲಿನ ಹತ್ತಿರ ಬುಟ್ಟಿಯಲ್ಲೇ ಮಾಡಿಕೊಂಡ, ಗಾಜನೂರು ಬರುವಾಗ ನಿದ್ದೆ ಹೋದ. ಮಳೆಗೆ ಕಾರಿನ ಕಿಟಕಿ ತೆಗೆಯುವಂತಿಲ್ಲ, ಬೂದಪ್ಪನ ದೆಸೆಯಿಂದ ಮುಚ್ಚುವಂತಿಲ್ಲ.

ಡಾಕ್ಟರು ಹೊಟ್ಟೆ ಒತ್ತಿ ನೋಡಿದರು, ಮಲ ಪರೀಕ್ಷೆ ಮಾಡಿಸಿದರು. ಜಂತು ಇರಲಿಲ್ಲ.

"ಏನು ತಿನ್ನಿಸ್ತೀರಿ?"

"ಹಾಲನ್ನ, ಮೊಸರನ್ನ. ಮತ್ತೆ ಪೇಟೆಯಿಂದ ತರೋ ಪ್ಯಾಕೆಟ್ ಫುಡ್ಡು."

"ಮನೇಲಿ ಕರೆಯೋ ಹಸು ಇದೆ ಅಂತಾಯ್ತು" ಅಂತ ನಕ್ಕರು.

ಮರಿಯಾಗಿದ್ದಾಗ ತಾಯಿಯ ಹಾಲು ಅರಗಿಸಲು ಲ್ಯಾಕ್ಟೇಸ್ ಅನ್ನೋ ಕಿಣ್ವ ಧಾರಾಳವಾಗಿರುತ್ತದೆ. ಮೊಲೆ ಬಿಟ್ಟ ಮೇಲೆ ಅದು ಇಳಿಯುತ್ತಾ ಹೋಗುತ್ತದೆ. ಆಗ ಹಾಲಿನ ಸಕ್ಕರೆ ಅರಗದೆ ಕರುಳಲ್ಲೇ ಉಳಿದು ನೀರು ಎಳೆದುಕೊಳ್ಳುತ್ತದೆ, ಹುಳಿಯುತ್ತದೆ. ಗುಡುಗುಡು ಅದರದ್ದೇ. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿಯೋವರೆಗೆ ಮಾತ್ರ ನಮ್ಮ ಗಾದೆ ಹೋಗುತ್ತದೆ, ಮುಂದಿನದು ಮನೆಯವರಿಗೆ ಬಿಟ್ಟದ್ದು. ಉಪವಾಸದ ಸುದ್ದಿ ಕೇಳಿ ಮಾತ್ರ ಡಾಕ್ಟರು ಗದರಿದರು. ಎರಡು ಮೂರು ದಿನ ಏನೂ ತಿನ್ನದಿದ್ದರೆ ಬೆಕ್ಕಿಗೆ ಮೈಯ ಕೊಬ್ಬೆಲ್ಲ ಲಿವರಿಗೆ ಬಂದು ಕೂತು ಜೀವಕ್ಕೇ ಕುತ್ತು. ಮೊದಲು ಹಾಲು ಬಿಡಿಸಿ, ಬೇರೇನೂ ಬದಲಿಸಬೇಡಿ, ಎರಡು ವಾರ ನೋಡಿ ಅಂದರು. ಆಗಲೂ ನಿಲ್ಲದಿದ್ದರೆ ಫುಡ್ಡಿನ ಅಲರ್ಜಿ ಇದೆಯಾ ನೋಡಬೇಕು. ಅದಕ್ಕೆ ಅವನು ಹಿಂದೆಂದೂ ತಿನ್ನದ ಒಂದೇ ಮಾಂಸ, ಎಂಟು ವಾರ, ನಡುವೆ ಒಂದು ತುಣುಕೂ ಬೇರೆ ಕೂಡದು. ನಮ್ಮದು ಮೊಟ್ಟೆಯ ಹೆಸರನ್ನೂ ಎತ್ತದ ಮನೆ. ನಾನು ಸುಮ್ಮನೆ ತಲೆಯಾಡಿಸಿದೆ.

ಎರಡು ವಾರ ಕ್ಯಾಲೆಂಡರಿನಲ್ಲಿ ಗುರುತು ಹಾಕಿದೆ. ಭೇದಿ ಕಡಿಮೆಯಾಯಿತು, ನಿಲ್ಲಲಿಲ್ಲ. ಎಂಟು ವಾರದ ಮಾಂಸವನ್ನು ಅಮ್ಮನಿಗೆ ಹೇಗೆ ಹೇಳೋದು ಅನ್ನೋ ಚಿಂತೆಯಲ್ಲಿ ನಿದ್ದೆ ಬರದೆ ಒಂದು ಬೆಳಗಿನ ಜಾವ ಕೊಟ್ಟಿಗೆ ಕಡೆ ಹೋದೆ. ಅಮ್ಮ ಹಾಲು ಕರೆಯುತ್ತಿದ್ದಳು. ನಾಲ್ಕಡಿ ದೂರದಲ್ಲಿ ಬೂದಪ್ಪ ಹಿಂಗಾಲಲ್ಲಿ ಕೂತು ಬಾಯಿ ತೆರೆದಿದ್ದ. ಅಮ್ಮ ತಿರುಗಿಯೂ ನೋಡದೆ ಮೊಲೆಯನ್ನು ಓರೆ ಹಿಡಿದು ಹಿಂಡಿದಳು. ಧಾರೆ ನೇರ ಅವನ ಬಾಯಿಗೆ! ಎಷ್ಟು ವರ್ಷದ ಅಭ್ಯಾಸವೋ.

"ಅಮ್ಮಾ!"

"ಇದೆಂತ ಹಾಲು ಕುಡಿಸೋದಾ ಮಾರಾಯ? ಬಾಯಿ ಒದ್ದೆ ಮಾಡೋದು."

ಅವತ್ತಿನಿಂದ ಅದೂ ನಿಂತಿತು. ವಾರದಲ್ಲಿ ಹೊಟ್ಟೆ ಸರಿಹೋಯಿತು. ಆದರೆ ಬೂದಪ್ಪ ಕೊಟ್ಟಿಗೆಗೆ ಹೋಗೋದು ಬಿಡಲಿಲ್ಲ. ಬಾಯಿ ತೆರೆದು ಕಾಯುತ್ತಾನೆ, ಅಮ್ಮ ಮುಖ ತಿರುಗಿಸಿ ಕೂರುತ್ತಾಳೆ. ಅದನ್ನು ನೋಡಲಾಗದೆ ಡಾಕ್ಟರಿಗೆ ಫೋನ್ ಮಾಡಿ ಕೇಳಿದೆ. ಬೇಯಿಸಿದ ಮೊಟ್ಟೆ ಒಂದು ಚೂರು ಕೊಟ್ಟು ನೋಡಿ ಅಂದರು. ಬಚ್ಚಲೊಲೆಯಲ್ಲಿ, ಅದಕ್ಕೆಂದೇ ಇಟ್ಟ ಸೊಟ್ಟ ಪಾತ್ರೆಯಲ್ಲಿ, ನಾನೇ ಬೇಯಿಸಿದೆ. ಅಮ್ಮ ಆ ಕಡೆ ಸುಳಿಯಲಿಲ್ಲ.

ಮೊನ್ನೆ ಪೇಟೆಗೆ ಹೊರಟಾಗ ಒಳಗಿನಿಂದ ಕೂಗಿದಳು: "ಅವನದ್ದು ಇನ್ನು ಎರಡೇ ಉಳಿದಿರೋದು, ನೋಡ್ಕೋ."