ಹಿಮದೊಳಗಿನ ಪೇಪರ್

ಬೆಳಿಗ್ಗೆ ಹಳೇ ಪೇಪರ್ ತೂಕಕ್ಕೆ ಹಾಕೋಣ ಅಂತ ಕಟ್ಟು ಕಟ್ಟುತ್ತಿದ್ದೆ. ಸುಮ್ನೆ ಆಲ್ಪ್ಸ್‌ನ ಮಾಂಟ್ ಬ್ಲಾಂಕ್ ಬೆಟ್ಟ ನೆನಪಾಯಿತು.

1966ರ ಜನವರಿ 24. ಮುಂಬೈಯಿಂದ ಲಂಡನ್‌ಗೆ ಹೊರಟಿದ್ದ ಏರ್ ಇಂಡಿಯಾದ 'ಕಾಂಚನಜುಂಗಾ' ವಿಮಾನ ಜಿನೀವಾದಲ್ಲಿ ಇಳಿಯಬೇಕಿತ್ತು. ದಾರಿ ಅಳೆಯುವ ಒಂದು ಉಪಕರಣ ಕೆಟ್ಟಿತ್ತು. ಪರ್ವತ ದಾಟಿಯಾಯಿತು ಅಂದುಕೊಂಡ ಪೈಲಟ್ ಕೆಳಗಿಳಿಯತೊಡಗಿದರು. ದಾಟಿರಲಿಲ್ಲ. ವಿಮಾನ ಮಾಂಟ್ ಬ್ಲಾಂಕ್‌ಗೆ ಬಡಿಯಿತು. 117 ಜನರಲ್ಲಿ ಒಬ್ಬರೂ ಉಳಿಯಲಿಲ್ಲ. ಅಣುವಿಜ್ಞಾನಿ ಹೋಮಿ ಭಾಭಾ ಅವರಲ್ಲೊಬ್ಬರು. ನಮ್ಮ ಬೆಂಗಳೂರಿನ ಟಾಟಾ ಇನ್‌ಸ್ಟಿಟ್ಯೂಟ್‌ನಲ್ಲಿ, ಅಂದರೆ ಐಐಎಸ್‌ಸಿಯಲ್ಲಿ, ಕೆಲವು ವರ್ಷ ಕೆಲಸ ಮಾಡಿದ್ದವರು. ಅವರ ಸಾವಿನ ಸುತ್ತ ಪಿತೂರಿ ಕಥೆಗಳು ಬೇಕಾದಷ್ಟಿವೆ. ನನಗೆ ಅವುಗಳಲ್ಲಿ ಆಸಕ್ತಿ ಇಲ್ಲ.

ಅದೇ ಬೆಟ್ಟಕ್ಕೆ 1950ರಲ್ಲೂ ಏರ್ ಇಂಡಿಯಾದ 'ಮಲಬಾರ್ ಪ್ರಿನ್ಸೆಸ್' ಬಡಿದಿತ್ತು. 48 ಜನ. ಒಂದೇ ಬೆಟ್ಟ, ಎರಡು ಸಲ!

ಆ ಬೆಟ್ಟದ ಬೊಸೋನ್ ಹಿಮನದಿ ವಿಮಾನಗಳಲ್ಲಿದ್ದ ವಸ್ತುಗಳನ್ನು ಈಗಲೂ ಒಂದೊಂದಾಗಿ ಹೊರಹಾಕುತ್ತಿದೆ. 2012ರಲ್ಲಿ ರಾಜತಾಂತ್ರಿಕ ಅಂಚೆಯ ಚೀಲ. 2013ರಲ್ಲಿ ಪಚ್ಚೆ, ನೀಲ, ಮಾಣಿಕ್ಯ ತುಂಬಿದ ಪೆಟ್ಟಿಗೆ. ಅದನ್ನು ಕಂಡ ಹುಡುಗ ನೇರವಾಗಿ ಪೊಲೀಸರಿಗೆ ಕೊಟ್ಟ, ನೋಡಿ! 2020ರಲ್ಲಿ ಒಂದು ಕಟ್ಟು ಭಾರತದ ಪೇಪರ್. ಇಂದಿರಾ ಗಾಂಧಿ ದೇಶದ ಮೊದಲ ಮಹಿಳಾ ಪ್ರಧಾನಿ ಅನ್ನುವ ಸುದ್ದಿ. ಒಣಗಿಸಿದರೆ ಅಕ್ಷರ ಓದಲು ಬರುತ್ತಿತ್ತಂತೆ.

ನನ್ನ ಕಟ್ಟು ಇನ್ನೂ ಬಾಗಿಲಲ್ಲೇ ಇದೆ.