ಎರಡು ರಾತ್ರಿ, ಒಂದು ಸೀಟು

ಶಿಕಾಗೋದ ಯೂನಿಯನ್ ಸ್ಟೇಷನ್‌ನಿಂದ ಕ್ಯಾಲಿಫೋರ್ನಿಯಾ ಝೆಫಿರ್ ರೈಲು ಈಗಷ್ಟೇ ಹೊರಟಿತು. ಸ್ಯಾನ್ ಫ್ರಾನ್ಸಿಸ್ಕೋ ಹತ್ತಿರದ ಎಮರಿವಿಲ್‌ವರೆಗೆ ಸುಮಾರು 3,900 ಕಿಲೋಮೀಟರ್, 52 ಗಂಟೆ. ನನ್ನದು ಕೋಚ್ ಟಿಕೆಟ್. ಅಂದ್ರೆ ನಮ್ಮೂರ ಸ್ಲೀಪರ್ ಥರ ಬರ್ತ್ ಇಲ್ಲ, ಸೀಟು ಹಿಂದಕ್ಕೆ ಒರಗಿಸಿಕೊಂಡೇ ಎರಡು ರಾತ್ರಿ ಕಳೆಯಬೇಕು. ಕಾಲು ಚಾಚಲು ಮಾತ್ರ ಜಾಗ ಧಾರಾಳ.

ವಿಮಾನದಲ್ಲಾದರೆ ನಾಲ್ಕೂವರೆ ಗಂಟೆ ಅಷ್ಟೇ ಅಲ್ವಾ ಎಂದು ಗೆಳೆಯರು ನಕ್ಕರು. ನಿಜ. ಆದರೆ ನಾಳೆ ಬೆಳಿಗ್ಗೆ ಡೆನ್ವರ್ ದಾಟಿ ರೈಲು ರಾಕಿ ಬೆಟ್ಟ ಹತ್ತುವಾಗ ನಾನು ಕಿಟಕಿ ಪಕ್ಕ ಸುಮ್ನೆ ಕೂತಿರುತ್ತೇನೆ. ಅವರು ಮೀಟಿಂಗ್‌ನಲ್ಲಿ.

ಬ್ಯಾಗಿನಲ್ಲಿ ಚಪಾತಿ, ಶೇಂಗಾ ಚಟ್ನಿಪುಡಿ, ಒಂದು ಹೊದಿಕೆ. ಪಕ್ಕದ ಸೀಟಿನ ಅಜ್ಜಿ ಆಗಲೇ ಸ್ವೆಟರ್ ಹೆಣೆಯುತ್ತಿದ್ದಾರೆ. ಚಟ್ನಿಪುಡಿಯ ಘಾಟು ಅವರಿಗೆ ಆಗುತ್ತೋ ಇಲ್ಲವೋ, ಕೇಳಿಯೇ ಡಬ್ಬಿ ತೆಗೆಯಬೇಕು.